ಕರಿ ನಾಲ್ಕು, ಬಿಳಿ ನಾಲ್ಕು

ಗಾಜಿನಾಚೆ ಕೂತಿದ್ದ ಮುದುಕ ಮತ್ತೊಮ್ಮೆ ಬಟನ್ ಒತ್ತಿದ. ರುದ್ರಾಣಿ ಇನ್ನೂ ಯಾವ ಸದ್ದನ್ನೂ ಕಳಿಸಿರಲಿಲ್ಲ. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಅವಳು ಬೇಕೆಂದೇ ಬಿಡುವ ಐದಾರು ಸೆಕೆಂಡಿನ ಮೌನ ಅದು. ಆ ಮೌನದಲ್ಲೇ ಅವನಿಗೆ ಏನೋ ಕೇಳಿಸಿತ್ತು. ಮಾಟಾಮಾಟಾ ಕಡೆಯ ಹೈನುಗಾರ, ಐವತ್ತು ವರ್ಷ ಹಾಲು ಕರೆಯುವ ಯಂತ್ರಗಳ ನಡುವೆ ನಿಂತವನು. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬಟನ್ನಿನ ಮೇಲೆ ಸಿದ್ಧವಾಗಿಟ್ಟುಕೊಂಡಿದ್ದ. ಇಂಥವರು ಈ ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ದಿನಕ್ಕೆ ಒಬ್ಬರಾದರೂ ಬರುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಇಷ್ಟು ಹೊತ್ತಿಗೆ ಒಂದು ಸದ್ದು ಬಂದಿರಲೇಬೇಕು, ಬಂದದ್ದು ತಮಗೆ ತಪ್ಪಿಹೋಗಬಾರದು ಎಂಬ ಆತಂಕವೇ ಅವರ ಕಿವಿಯೊಳಗೆ ಸದ್ದಾಗಿ ಮೂಡುತ್ತದೆ. ಅವಳು ಕಾಗದದ ಅಂಚಿನಲ್ಲಿ ಸಣ್ಣದೊಂದು ಗುರುತು ಮಾಡಿಕೊಂಡಳು. ಆಗಲೇ ಮೇಜಿನ ಮೇಲಿದ್ದ ಫೋನು ನಡುಗಿತು. ಆಕ್ಲೆಂಡಿನ ಆಲ್ಬನಿಯಲ್ಲಿರುವ ಮಗಳು ಪೂರ್ವಿ. ಸರ್ಪ್ರೈಸ್, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ನಾನು ನೀನು ಅಪ್ಪ, ಬೇಡ ಅನ್ನಬೇಡ. ಅದರ ಕೆಳಗೆ ಒಂದು ಪೋಸ್ಟರ್. ಕಾಲುವೆಯೊಂದರ ದಂಡೆಯ ಮೇಲೆ ನಿಂತ ಮೂವರು, ಇಬ್ಬರು ಗಂಡಸರು, ಒಬ್ಬ ಹೆಂಗಸು, ಮೂವರದೂ ನರೆತ ಕೂದಲು. ಹೆಸರು ಓದುವ ಮೊದಲೇ ಆ ಉದ್ದನೆಯವನು ಒಂದು ಹೆಗಲನ್ನು ಕೆಳಗೆ ಬಿಟ್ಟು ನಿಂತ ರೀತಿ ಅವಳಿಗೆ ಗೊತ್ತಾಯಿತು. ಎಡಗಿವಿಗೆ ಯಾವ ಸದ್ದಿನವರೆಗೆ ಕಳಿಸಿದ್ದೆ ಎಂಬುದು ಮರೆತುಹೋಗಿ, ಅವಳು ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಬೇಕಾಯಿತು. ಮುದುಕ ಕಣ್ಣು ತೆರೆದು, ನಾನು ಫೇಲಾದೆನೇ ಎಂಬಂತೆ ಗಾಜಿನೊಳಗಿಂದ ನೋಡಿದ. ಇಲ್ಲ, ತಪ್ಪು ನನ್ನದು ಎಂದು ಅವಳು ಕೈಯಾಡಿಸಿದಳು.

ಬ್ಯಾಂಡಿನ ಹೆಸರು ಸೆಕೆಂಡ್ ಪೋಲ್ಡರ್. ಸಮುದ್ರವನ್ನು ಹಿಂದಕ್ಕೆ ತಳ್ಳಿ ಒಣಗಿಸಿಕೊಂಡ ನೆಲಕ್ಕೆ ಡಚ್ಚರು ಪೋಲ್ಡರ್ ಎನ್ನುತ್ತಾರೆ. ಆ ಬ್ಯಾಂಡಿನ ಮೂವತ್ತು ವರ್ಷವೂ ಅವಳಿಗೆ ತಿಳಿದಿತ್ತು. ದೂರದ ನೆಂಟರೊಬ್ಬರ ಮನೆಯ ಮದುವೆ, ಸಾವು, ಬಾಣಂತನಗಳು ಹೇಗೋ ಕಿವಿಗೆ ಬೀಳುತ್ತಲೇ ಇರುತ್ತವಲ್ಲ, ಹಾಗೆ. ಅಥವಾ ಹಾಗಲ್ಲ, ಅವಳೇ ಹುಡುಕಿಕೊಂಡು ಹೋಗಿ ತಿಳಿದುಕೊಂಡದ್ದು. ಎರಡನೆಯ ರೆಕಾರ್ಡಿನಿಂದ ಅವರಿಗೆ ಸ್ವಲ್ಪ ಹೆಸರು ಬಂತು, ರೇಡಿಯೋದಲ್ಲಿ ಒಂದು ಬೇಸಿಗೆ ಪೂರ್ತಿ ಬಂದರು. ಮೂರನೆಯದನ್ನು ಯಾರೂ ಕೊಳ್ಳಲಿಲ್ಲ, ಆ ವರ್ಷ ಪೂರ್ವಿ ಹುಟ್ಟಿದ್ದಳು. ಡ್ರಮ್ ಬಾರಿಸುವವನು ಅಂಚೆ ಹಂಚುವ ಕೆಲಸಕ್ಕೆ ಸೇರಿದ. ಕೀಬೋರ್ಡಿನ ಮರೈಕೆ ಶಾಲೆಯೊಂದರಲ್ಲಿ ಗಣಿತ ಕಲಿಸತೊಡಗಿದಳು. ಹಾಡುವ ಶೂರ್ಡ್, ಆ ಹೆಗಲಿನವನು, ಕಾಲುವೆಗಳ ನೀರಿನ ಮಟ್ಟ ನೋಡಿಕೊಳ್ಳುವ ಕಚೇರಿಯಲ್ಲಿ ಗುಮಾಸ್ತನಾದ. ಆದರೂ ಅವರು ಬ್ಯಾಂಡನ್ನು ಮುಚ್ಚಲಿಲ್ಲ. ರಜೆಗಳನ್ನು ಕೂಡಿಸಿಟ್ಟುಕೊಂಡು, ವ್ಯಾನೊಂದರಲ್ಲಿ ಊರೂರು ತಿರುಗಿ, ಇನ್ನೂರು ಮುನ್ನೂರು ಜನ ಹಿಡಿಸುವ ಸಭಾಂಗಣಗಳಲ್ಲಿ ಹಾಡಿ, ಸೋಮವಾರ ಕೆಲಸಕ್ಕೆ ಹಾಜರಾಗುತ್ತಿದ್ದರು. ಅವಳು ಹ್ಯಾಮಿಲ್ಟನ್ನಿಗೆ ಬಂದ ವರ್ಷ ಅವರ ಐದನೆಯ ರೆಕಾರ್ಡ್ ಬಂತು. ಕಿವಿ ಪರೀಕ್ಷೆಯ ಕೋರ್ಸು ಮುಗಿಸಿದ ವರ್ಷ ಆರನೆಯದು. ಬೇಸ್ ಗಿಟಾರಿನವನು ಸತ್ತಾಗ ಅವನ ಜಾಗಕ್ಕೆ ಬೇರೆಯವರನ್ನು ತರಲಿಲ್ಲ ಎಂದು ಎಲ್ಲೋ ಓದಿ, ಅಡುಗೆಮನೆಯಲ್ಲಿ ನಿಂತು, ಬೇಳೆ ಉಕ್ಕುವವರೆಗೂ ಅದೇ ಪುಟ ನೋಡುತ್ತಿದ್ದಳು. ಏನ ಓದಾಕತ್ತಿ ಎಂದು ಗಂಡ ಚಿದಾನಂದ ಕೇಳಿದ್ದಕ್ಕೆ, ಯಾರೋ ತೀರಿಕೊಂಡಾರ ಎಂದಿದ್ದಳು. ನಮ್ಮವರಾ? ಅಲ್ರಿ. ಹಂಗಾದ್ರ ಬೇಳಿ ನೋಡು.

ಕ್ಲಿನಿಕ್ಕಿನ ಮ್ಯಾನೇಜರ್ ಲಿನ್ ಮಧ್ಯಾಹ್ನ ಬಾಗಿಲಲ್ಲಿ ತಲೆ ತೂರಿಸಿ, ಸೋಮವಾರ ಹೇಳಿಬಿಡು ಎಂದಳು. ಟೌರಂಗಾದ ಶಾಖೆಗೆ ಒಬ್ಬರು ಬೇಕಿತ್ತು. ವಾರಕ್ಕೆ ನಾಲ್ಕು ದಿನ. ಕ್ಲಿನಿಕ್ಕಿನ ಮೇಲೆಯೇ ಒಂದು ಕೋಣೆ, ಸಣ್ಣ ಅಡುಗೆಕಟ್ಟೆ. ದಿನಾ ಹೋಗಿ ಬರುವುದಕ್ಕೆ ದೂರವಾಗುತ್ತದೆ, ನಡುವೆ ಕೈಮಾಯ್ ಬೆಟ್ಟದ ದಾರಿ. ಈ ವಿಷಯ ಮೊದಲು ಬಂದದ್ದು ಹೋದ ತಿಂಗಳ ಸ್ಟಾಫ್ ಬಾರ್ಬೆಕ್ಯೂನಲ್ಲಿ. ರುದ್ರಾಣಿ ಬಾಯಿ ತೆರೆಯುವ ಮೊದಲೇ ಚಿದಾನಂದ ಕೈಯಲ್ಲಿದ್ದ ಕಾಗದದ ತಟ್ಟೆಯನ್ನು ಆಡಿಸುತ್ತಾ, ಓ ನೋ, ಶಿ ಡಸಂಟ್ ಲೈಕ್ ದೋಸ್ ಹಿಲ್ಸ್ ಎಂದು ನಕ್ಕಿದ್ದ. ಸುತ್ತ ನಿಂತವರೂ ನಕ್ಕಿದ್ದರು. ಬೆಟ್ಟದ ದಾರಿ ಇಷ್ಟವಿಲ್ಲ ಎಂದು ತಾನು ಯಾವಾಗ ಹೇಳಿದ್ದೆ ಎಂದು ಅವಳು ಆ ಇಡೀ ಸಂಜೆ ನೆನಪು ಮಾಡಿಕೊಂಡಿದ್ದಳು. ಒಮ್ಮೆ, ಮಂಜಿನಲ್ಲಿ, ಅವನೇ ಗಾಡಿ ಓಡಿಸುತ್ತಿದ್ದಾಗ, ಸ್ವಲ್ಪ ಮೆಲ್ಲಗೆ ಹೋಗ್ರಿ ಎಂದಿದ್ದಳು.

ಅವನು ಕೆಟ್ಟವನಲ್ಲ. ಇದನ್ನು ಅವಳು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆಂದರೆ, ಆ ಮಾತಿಗೆ ಈಗ ರುಚಿಯೇ ಉಳಿದಿಲ್ಲ. ಅವಳ ತಾಯಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಲವತ್ತು ದಿನ ಮಲಗಿದ್ದಾಗ, ರಜೆ ಹಾಕಿ ಹೋಗಿ ಬೆಡ್‌ಪ್ಯಾನ್ ಹಿಡಿದವನು ಅವನು. ಅವಳ ಬದಲು ಉತ್ತರ ಕೊಡುವುದು ಅವನಿಗೆ, ಮಳೆ ಬಂದಾಗ ಅವಳ ತಲೆಯ ಮೇಲೂ ಛತ್ರಿ ಹಿಡಿದಷ್ಟೇ ಸಹಜ. ಡಚ್ಚರ ಗ್ರೋನಿಂಗನ್ ಊರಿನ ಮನೆಯ ಮೆಟ್ಟಿಲಿನ ಮೇಲೂ ಅವನು ಹಾಗೆಯೇ ಮಾಡಿದ್ದ. ತೊಂಬತ್ತೇಳರ ಚಳಿಗಾಲ. ಅವನು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ಅವಳಿಗೆ ಇಪ್ಪತ್ತಾರು. ಧಾರವಾಡದಿಂದ ಅವಳು ತಂದದ್ದು ಎರಡು ಪೆಟ್ಟಿಗೆ, ಒಂದು ಹಾರ್ಮೋನಿಯಂ. ಮುಂಜಾನೆ ಅವನು ಹೋದ ಮೇಲೆ ಕರಿ ನಾಲ್ಕು ಹಿಡಿದು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕರಿ ಪಟ್ಟಿಯನ್ನೇ ಷಡ್ಜ ಮಾಡಿಕೊಂಡು, ಒಂದು ತಾಸು ಹಾಡುತ್ತಿದ್ದಳು. ಅವಳ ಗುರುಗಳು ಅವಳ ಗಂಟಲಿಗೆಂದು ಆರಿಸಿಕೊಟ್ಟ ಶ್ರುತಿ ಅದು. ಒಂದು ಸಂಜೆ ಕೆಳಗಿನ ಮನೆಯ ಹೆಂಗಸು ಮೆಟ್ಟಿಲ ಮೇಲೆ ಚಿದಾನಂದನನ್ನು ನಿಲ್ಲಿಸಿದಳು. ರುದ್ರಾಣಿ ಕಸದ ಚೀಲ ಹಿಡಿದು ಹಿಂದೆ ನಿಂತಿದ್ದಳು. ಅವರಿಬ್ಬರ ಡಚ್ಚಿನಲ್ಲಿ ಅವಳಿಗೆ ತಿಳಿದದ್ದು 'ನನ್ನ ಹೆಂಡತಿ' ಎಂಬ ಎರಡು ಶಬ್ದ ಮಾತ್ರ. ಅವನು ತಲೆ ಬಾಗಿಸಿ, ಎದೆ ಮುಟ್ಟಿಕೊಂಡು, ಏನನ್ನೋ ಒಪ್ಪಿಕೊಂಡ. ಮೇಲೆ ಬಂದ ನಂತರ, ಏನಿಲ್ಲ, ಇನ್ನ ಹಾಡೂದು ಬ್ಯಾಡಂತ, ನಾ ಹೂಂ ಅಂದೀನಿ ಎಂದ. ಬೂಟು ಬಿಚ್ಚುತ್ತಾ ಹೇಳಿದ. ಅವಳಿಗೆ ಇವತ್ತಿಗೂ ನೆನಪಿರುವುದು ಆ ಬೂಟಿನ ಒದ್ದೆ ಲಾಡಿ. ಅದಾದ ಮೇಲೆ ಹಾರ್ಮೋನಿಯಂ ಕಪಾಟಿನ ಮೇಲೇರಿತು. ಆ ಹೆಂಗಸು ಎಂದೋ ಸತ್ತಿರಬೇಕು. ಅವಳಿಗೆ ಕೊಟ್ಟ ಮಾತು ಮಾತ್ರ ಮನೆಯಿಂದ ಮನೆಗೆ, ದೇಶದಿಂದ ದೇಶಕ್ಕೆ ಇವರ ಸಾಮಾನಿನ ಜೊತೆ ಬಂತು. ಹ್ಯಾಮಿಲ್ಟನ್ನಿನ ಕನ್ನಡ ಕೂಟದಲ್ಲಿ ಯುಗಾದಿಗೆ ಯಾರಾದರೂ ಹಾಡಿ ಎಂದಾಗ ಅವನು, ಆಕಿ ಹಾಡಂಗಿಲ್ರಿ ಎನ್ನುತ್ತಾನೆ. ಅವನ ದನಿಯಲ್ಲಿ ಒಂದು ಕಾಳಜಿಯೇ ಇರುತ್ತದೆ.

ಆ ಚಳಿಗಾಲ ಅವಳು ಡಚ್ ಕಲಿಯಲು ಒಂದು ಭಾಷಾಶಾಲೆಗೆ ಹೋಗುತ್ತಿದ್ದಳು. ಮಂಗಳವಾರ ಎಲ್ಲರಿಗೂ ಕಾಫಿ ಮಾಡಿ ಕಪ್ಪು ತೊಳೆಯುವ ಪಾಳಿ ಅವಳದು. ಕೆಳಗಿನ ನೆಲಮಾಳಿಗೆಯಲ್ಲಿ ಮೂವರು ಹುಡುಗರು, ಒಬ್ಬಳು ಹುಡುಗಿ ಗಿಟಾರು, ಡ್ರಮ್ಮು ಬಾರಿಸುತ್ತಿದ್ದರು. ಅವರ ಗದ್ದಲದ ಕೆಳಗೆ ತನ್ನ ದನಿ ಯಾರಿಗೂ ಕೇಳದೆಂದು ರುದ್ರಾಣಿ ಕಪ್ಪು ತೊಳೆಯುತ್ತಾ ಹಾಡುತ್ತಿದ್ದಳು. ಗದ್ದಲ ನಿಂತದ್ದು ಒಂದು ದಿನ ಅವಳ ಗಮನಕ್ಕೆ ಬರಲಿಲ್ಲ. ತಿರುಗಿ ನೋಡಿದರೆ ಒಂದು ಹೆಗಲು ಇಳಿಬಿಟ್ಟ ಹುಡುಗ ಬಾಗಿಲಲ್ಲಿ ನಿಂತಿದ್ದ. ಮುಂದಿನ ಮಂಗಳವಾರ ಅವನೊಂದು ಕ್ಯಾಸೆಟ್ ಯಂತ್ರ, ಒಂದು ಮೈಕು ತಂದು ಸಿಂಕಿನ ಪಕ್ಕದಲ್ಲಿಟ್ಟ. ಏನು ಬೇಕಾದರೂ ಹಾಡು ಎಂದ. ಅವಳು ಒಂದು ಭಜನೆ ಹಾಡಬೇಕೆಂದು ಗಂಟಲು ಸರಿಮಾಡಿಕೊಂಡಳು. ಬಂದದ್ದು ಮಾತ್ರ ನವಲಗುಂದದ ಅಜ್ಜಿ ಬೀಸುತ್ತಾ ಹೇಳುತ್ತಿದ್ದ ಧಾಟಿ, ಮೂರು ಸಾಲು. ಧಾಟಿ ಅಜ್ಜಿಯದು, ಸಾಲು ಅಜ್ಜಿಯದಲ್ಲ.

ಕಲ್ಲಿಲ್ಲ ಬೀಸಾಕ, ನೆಲ್ಲಿಲ್ಲ ಕುಟ್ಟಾಕ
ಸೊಲ್ಲಿಲ್ಲ ಗಂಡನ ಮನಿಯಾಗ, ನನ ತಂಗಿ
ನಿಲ್ಲಾಕಿ ಅಲ್ಲ, ನಾ ಹೋಗಾಕಿ

ಮೂರು ಸಲ ಹಾಡಿದಳು. ನೀರು ತೊಟ್ಟಿಕ್ಕುವ ಸದ್ದೂ ಅದರಲ್ಲಿ ಸೇರಿಕೊಂಡಿತು. ಅರ್ಥ ಏನು ಎಂದು ಹುಡುಗ ಕೇಳಿದ. ಅಡುಗೆಮನೆಯ ಹಾಡು ಎಂದಳು. ಅವರು ಹಾಡಿಗೆ ಅದನ್ನೇ ಹೆಸರಿಟ್ಟರು. ನನ್ನ ಹೆಸರು ಹಾಕಬೇಡ ಎಂದಳು. ಕವರಿನ ಮೇಲೆ 'ದನಿ: ಆರ್.' ಎಂದಷ್ಟೇ ಬಂತು.

ಅಜ್ಜಿಯ ಮನೆಯಲ್ಲಿ ಒಂದು ಕಟ್ಟು ಇತ್ತು, ಒಂದು ನಿಯಮ. ಬೀಸುವಾಗ ಹೆಂಗಸು ಏನು ಬೇಕಾದರೂ ಅನ್ನಬಹುದು. ಅತ್ತೆ ಹಾವು, ಗಂಡ ಕಲ್ಲು, ನಾಳೆ ಬಾವಿ ನೋಡತೀನಿ, ಏನು ಬೇಕಾದರೂ. ಅತ್ತೆ ಅಲ್ಲೇ ಗೋಡೆಯಾಚೆ ಮಲಗಿ ಎಲ್ಲವನ್ನೂ ಕೇಳುತ್ತಿರುತ್ತಾಳೆ. ಆದರೆ ಬೀಸುವಾಗ ಅಂದದ್ದಕ್ಕೆ ಹಗಲಿನಲ್ಲಿ ಯಾರೂ ಮರುಮಾತು ಎತ್ತಬಾರದು. ಹಿಟ್ಟು ಡಬ್ಬಿಗೆ ಬಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಆ ಡಚ್ ಅಡುಗೆಮನೆಯಲ್ಲಿ ರುದ್ರಾಣಿ ಮೈಕಿನ ಮುಂದೆ ಅಷ್ಟು ಧೈರ್ಯವಾಗಿ ನಿಂತದ್ದು ಆ ಕಟ್ಟಿನ ಭರವಸೆಯ ಮೇಲೆಯೇ. ಡಬ್ಬಿಗೆ ಬಿದ್ದರೆ ಮುಗಿಯಿತು. ಮುಗಿಯಲಿಲ್ಲ. ಆಂಟ್‌ವರ್ಪಿನಲ್ಲಿ, ಹ್ಯಾಂಬರ್ಗಿನಲ್ಲಿ, ಹೆಸರು ತಿಳಿಯದ ನೂರು ಊರುಗಳಲ್ಲಿ ಇಪ್ಪತ್ತೆಂಟು ವರ್ಷ ಅವಳ ಆ ಮೂರು ಸಾಲನ್ನು ಜನ ಬಿಯರ್ ಹಿಡಿದು ನಿಂತು ಕೇಳಿದರು. ಕೆಲವರು ಅದನ್ನು ಪ್ರಾರ್ಥನೆ ಎಂದು ಬರೆದರು. ಗಂಡನ ಮನೆಯಲ್ಲಿ ಮಾತಿಲ್ಲ ಎಂದು ಅವಳು ಹಾಡಿದ್ದು ನ್ಯಾಯವೂ ಅಲ್ಲ. ಅವನು ಆಗ ದಿನಾ ಸಂಜೆ ಎರಡು ತಾಸು ಮಾತಾಡುತ್ತಿದ್ದ, ಹಾಲಿನ ಪುಡಿಯ ತೇವಾಂಶದ ಬಗ್ಗೆ. ಇನ್ನು ಹೋಗುವುದು. ಹೋಗಬಾರದೆಂದು ಅವಳು ಯಾವತ್ತೂ ತೀರ್ಮಾನಿಸಿದ್ದಿಲ್ಲ. ಚಳಿ ಹರಿದಾಗ ಅವನಿಗೆ ಜ್ವರ ಬಂತು, ಜ್ವರ ಬಿಟ್ಟಾಗ ಅಪ್ಪನ ಕಾಗದ ಬಂತು, ಆಮೇಲೆ ಪಾಸ್‌ಪೋರ್ಟು ನವೀಕರಣಕ್ಕೆ ಹೋಗಿತ್ತು, ಆಮೇಲೆ ಅವಳಿಗೆ ದಿನ ತಪ್ಪಿತು. ಒಂದೊಂದು ದಿನಕ್ಕೂ ಒಂದೊಂದು ಕಾರಣ ಸಿಗುತ್ತಾ ಹೋಯಿತು, ಅಷ್ಟೆ.

ಶುಕ್ರವಾರ ರಾತ್ರಿಯೂಟದ ಮುಂಚೆ ಪೂರ್ವಿಯ ಕರೆ ಬಂತು. ಚಿದಾನಂದ ಫೋನನ್ನು ಸ್ಪೀಕರಿಗೆ ಹಾಕಿ ಸಕ್ಕರೆ ಡಬ್ಬಿಗೆ ಆನಿಸಿಟ್ಟ.

"ಅಪ್ಪಾ, ಇಟ್ಸ್ ಅ ಡಚ್ ಬ್ಯಾಂಡ್. ಯೂ ಗೈಸ್ ಲಿವ್ಡ್ ದೇರ್! ನನ್ನ ಫ್ಲ್ಯಾಟ್‌ಮೇಟ್ ಡ್ಯಾಡ್ ಆರ್ಗನೈಸ್ ಮಾಡ್ತಿರೋದು."

"ರಾಕ್ ಅಂದ್ರ ಕಿವಿ ಹರದು ಹೋಗೂದಲ್ಲೇನವಾ? ನಿಮ್ಮವ್ವನ ಕ್ಲಿನಿಕ್ಕಿಗೆ ಗಿರಾಕಿ ಹುಡುಕಾಕತ್ತೀಯೇನು?"

"ದೇ ಆರ್ ಓಲ್ಡ್, ಅಪ್ಪಾ. ಅದಕ್ಕೇ ಮ್ಯಾಟಿನಿ. ನೈನ್ ಓ ಕ್ಲಾಕಿಗೆ ಮಲಗಿಬಿಡ್ತಾರಂತೆ."

"ಹಂಗಾದ್ರ ನಮ್ಮ ಮಂದಿನೇ."

"ಆಂಡ್ ಅಮ್ಮಾ, ಒಂದು ಸಾಂಗಲ್ಲಿ ಇಂಡಿಯನ್ ಲೇಡಿ ವಾಯ್ಸ್ ಇದೆ. ಸೋ ಸ್ಯಾಡ್. ವಾಟ್ ಲ್ಯಾಂಗ್ವೇಜ್ ಅಂತ ಫ್ಲ್ಯಾಟ್‌ಮೇಟ್ ಕೇಳಿದ್ಲು, ಪಂಜಾಬಿ ಮೇ ಬಿ ಅಂದೆ."

ರುದ್ರಾಣಿಯ ಕೈಯಲ್ಲಿದ್ದ ಸೌಟು ಸಾರಿನೊಳಗೇ ನಿಂತಿತು. ಭಾನುವಾರ ಕೆಲಸವಿದೆ ಎನ್ನಬೇಕು. ತಲೆನೋವು ಎನ್ನಬಾರದು, ಪೂರ್ವಿ ನಂಬುವುದಿಲ್ಲ. ಅವಳು ಶಬ್ದ ಜೋಡಿಸಿಕೊಳ್ಳುವಷ್ಟರಲ್ಲಿ ಚಿದಾನಂದ, "ಬರತೀವಿ. ನಿಮ್ಮವ್ವನೂ ಬರತಾಳ. ಆಕಿಗೂ ಚೇಂಜ್ ಬೇಕು" ಎಂದುಬಿಟ್ಟ. ಫೋನಿಟ್ಟ ಮೇಲೆ ಅವಳ ಕಡೆ ತಿರುಗಿ, "ನಮ್ಮ ಮೂವತ್ತನೇ ವರ್ಷದ ಆನಿವರ್ಸರಿಗೆ ಕೂಸು ತನ್ನ ಪಗಾರದಾಗ ತಗೊಂಡಾಳ. ಬ್ಯಾಡ ಅಂದ್ರ ಹೆಂಗ?" ಎಂದ. ಅವಳು ಬೇಡ ಎಂದಿರಲಿಲ್ಲ.

ಅವನ ಕಿವಿಯ ನಕ್ಷೆ ಅವಳ ಹತ್ತಿರ ಇತ್ತು. ಎರಡು ವರ್ಷದ ಹಿಂದೆ, ಹಾಲಿನ ಕಾರ್ಖಾನೆಯ ಕೆಲಸದವರಿಗೆಲ್ಲ ಪರೀಕ್ಷೆ ಕಡ್ಡಾಯವಾದಾಗ, ಒಂದು ಶನಿವಾರ ಅವಳೇ ಮಾಡಿದ್ದಳು. ಗಾಜಿನಾಚೆ ಅವನು ಕಣ್ಣು ಮುಚ್ಚಿ ಕೂತು, ಬಾರದ ಸದ್ದುಗಳಿಗೂ ಬಟನ್ ಒತ್ತಿದ್ದ. ಇಪ್ಪತ್ತೆಂಟು ವರ್ಷ ಜೊತೆಗಿದ್ದವನ ಮುಖವನ್ನು ಅಷ್ಟು ಹೊತ್ತು ಒಂದೇ ಸಮನೆ ಅವಳು ಹಿಂದೆಂದೂ ನೋಡಿರಲಿಲ್ಲ. ನಕ್ಷೆಯ ಗೆರೆ ಎಡದಿಂದ ಸರಿಯಾಗಿಯೇ ಹೋಗಿ ಬಲಕ್ಕೆ ಜಾರಿತ್ತು; ಸಣ್ಣ, ಚೂಪು ಸದ್ದುಗಳು ಅವನಿಗೆ ಇಲ್ಲ. ಸ, ಶ, ತ ಎಲ್ಲ ಉದುರಿಹೋಗುತ್ತವೆ. ಕಿವಿಗೆ ಮಿಷನ್ ಬೇಕು ಎಂದಳು. ಮಂದಿ ಬಾಯಾಗ ಸಾಬೂನು ಇಟಗೊಂಡು ಮಾತಾಡತಾರ, ಅದಕ್ಕ ನಾ ಯಾಕ ಮಿಷನ್ ಹಾಕ್ಕೋಲಿ ಎಂದ. ಈಗ ಶನಿವಾರ ಇಸ್ತ್ರಿ ಮಾಡುತ್ತಾ ಅವಳು ಆ ನಕ್ಷೆಯನ್ನು ಮನಸ್ಸಿನಲ್ಲೇ ಬಿಡಿಸಿಕೊಂಡು, ತನ್ನ ಮೂರು ಸಾಲನ್ನು ಅದರ ಮೇಲಿಟ್ಟು ನೋಡಿದಳು. ದೊಡ್ಡ ಸಭಾಂಗಣ, ಡ್ರಮ್ಮು, ಗಿಟಾರು, ಹಳೆಯ ಟೇಪು, ಹೆಂಗಸಿನ ಏರುದನಿ. ಕೇಳುವುದಿಲ್ಲ. ಕೇಳಿದರೂ ಶಬ್ದ ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ತನ್ನ ಗಂಡನ ಕಿವುಡಿನ ಮೇಲೆ ಭಾರ ಹಾಕಿ ತಾನು ನಿಶ್ಚಿಂತಳಾಗುತ್ತಿದ್ದೇನೆ ಎಂದು ಹೊಳೆದಾಗ, ಅವನ ಅಂಗಿಯ ಕಾಲರನ್ನು ಮತ್ತೊಮ್ಮೆ, ಬೇಕಾದುದಕ್ಕಿಂತ ಹೆಚ್ಚು ಹೊತ್ತು ಒತ್ತಿದಳು. ಒಂದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ವಯಸ್ಸಾದಂತೆ ಶೂರ್ಡನ ಗಂಟಲು ಇಳಿಯುತ್ತಾ ಬಂದಿತ್ತು. ಹತ್ತು ವರ್ಷಕ್ಕೊಮ್ಮೆ ಅವರು ಹಾಡುಗಳನ್ನೆಲ್ಲ ಒಂದೊಂದು ಪಟ್ಟಿ ಕೆಳಗಿಳಿಸುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಕೇಳಿದಾಗ ಅದು ಅವಳಿಗೆ ತಿಳಿದಿತ್ತು. ಅವರ ಗಿಟಾರು ಇಳಿದರೆ ತನ್ನ ದನಿಯೂ ಇಳಿಯಲೇಬೇಕಲ್ಲ ಎಂಬುದು ಮಾತ್ರ ಅವಳ ತಲೆಗೆ ಬಂದಿರಲಿಲ್ಲ.

ಭಾನುವಾರ ಹನ್ನೊಂದಕ್ಕೇ ಹೊರಟರು. ಪಾರ್ಕಿಂಗ್ ಸಿಗುವುದಿಲ್ಲವೆಂಬ ಚಿಂತೆಗೆ ಚಿದಾನಂದ ಯಾವಾಗಲೂ ಒಂದು ತಾಸು ಕೊಡುತ್ತಾನೆ. ಫ್ಲಾಸ್ಕಿನಲ್ಲಿ ಚಹಾ, ಒಂದು ಡಬ್ಬಿಯಲ್ಲಿ ಚುರುಮುರಿ. ಆಕ್ಲೆಂಡಿನ ಆ ಹಳೆಯ ಸಭಾಂಗಣದ ಮೆಟ್ಟಿಲ ಮೇಲೆ ಪೂರ್ವಿ ಕಾಯುತ್ತಿದ್ದಳು. ಅಪ್ಪನ ಇಸ್ತ್ರಿಯ ಅಂಗಿ ನೋಡಿ, "ಅಪ್ಪಾ, ಇಟ್ಸ್ ನಾಟ್ ಅ ವೆಡ್ಡಿಂಗ್" ಎಂದು ನಕ್ಕಳು. ಒಳಗೆ ಇದ್ದವರು ಹೆಚ್ಚಿನವರು ಡಚ್ಚರೇ, ವೈಕಾಟೊದ ಹೈನುಗಾರರು, ಅವರ ಮಕ್ಕಳು. ಎತ್ತರದ, ಕೆಂಪು ಕುತ್ತಿಗೆಯ ಗಂಡಸರು ಕುರ್ಚಿಯಲ್ಲಿ ಮೊಣಕಾಲು ಮಡಿಸಲು ಜಾಗವಿಲ್ಲದೆ ಕೂತಿದ್ದರು. ಪಕ್ಕದ ಮುದುಕಿ ಕೈಚೀಲದಿಂದ ಡಚ್ಚರು ಚೀಪುವ ಕರಿಯ, ಉಪ್ಪು ಮಿಠಾಯಿ ಗುಳಿಗೆಗಳನ್ನು ತೆಗೆದು ಎಲ್ಲರಿಗೂ ಹಂಚಿದಳು. ಚಿದಾನಂದ ಅದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. "ನೆನಪೈತೇನು? ನೀ ಇದನ್ನ ಉಗುಳಿ ಹೂವಿನ ಕುಂಡದಾಗ ಮುಚ್ಚಿಟ್ಟಿದ್ದಿ." ಅವಳಿಗೆ ನೆನಪಿತ್ತು. ಅದು ಅವನಿಗೂ ನೆನಪಿರುವುದು ಅವಳಿಗೆ ಗೊತ್ತಿರಲಿಲ್ಲ.

ಮೂವರು ಬಂದು, ಕಚೇರಿಯಲ್ಲಿ ತಮ್ಮ ತಮ್ಮ ಮೇಜಿಗೆ ಹೋಗುವವರ ಹಾಗೆ, ತಮ್ಮ ಜಾಗಗಳಲ್ಲಿ ನಿಂತರು. ನಾಲ್ಕನೆಯ ಜಾಗದಲ್ಲಿ ಸತ್ತವನ ಸ್ಪೀಕರ್ ಪೆಟ್ಟಿಗೆ ಇತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಅವನು ಬಾರಿಸಬೇಕಾದ್ದನ್ನು ಮರೈಕೆ ಎಡಗೈಯಲ್ಲಿ ಬಾರಿಸುತ್ತಿದ್ದಳು. ಸದ್ದು ಕಿವಿ ಹರಿಯುವಷ್ಟೇನೂ ಇರಲಿಲ್ಲ. ಶೂರ್ಡ್ ಓದುವ ಕನ್ನಡಕ ಹಾಕಿಕೊಂಡು ಹಾಡಿನ ಪಟ್ಟಿ ನೋಡುತ್ತಿದ್ದ. ಆರೇಳು ಹಾಡು ಆದವು. ಪೂರ್ವಿ ತಲೆ ಕುಣಿಸುತ್ತಿದ್ದಳು. ಆಮೇಲೆ ಶೂರ್ಡ್ ಇಂಗ್ಲಿಷ್ ಬಿಟ್ಟು ಡಚ್ಚಿನಲ್ಲಿ, ಎದುರಿಗೆ ಕೂತ ತನ್ನ ಜನರಿಗೆಂದು ಮಾತಾಡತೊಡಗಿದ. ಪೂರ್ವಿಗೆ ಅದು ತಿಳಿಯದು. ಚಿದಾನಂದನಿಗೆ ತಿಳಿಯುತ್ತದೆ ಎಂಬುದು ರುದ್ರಾಣಿಗೆ ಆ ಕ್ಷಣದಲ್ಲಿ ನೆನಪಾಗಿ, ಬಾಯಲ್ಲಿದ್ದ ಗುಳಿಗೆ ಹುಳಿಯಾಯಿತು. ಗ್ರೋನಿಂಗನ್ನಿನಲ್ಲಿ ಒಂದು ಭಾಷಾಶಾಲೆ, ಬೇಕರಿಯ ಮೇಲಿನದು, ನಾವು ಕೆಳಗೆ ಅಭ್ಯಾಸ ಮಾಡುತ್ತಿದ್ದೆವು ಎಂದ ಶೂರ್ಡ್. ಮಂಗಳವಾರ ಒಬ್ಬಳು ಕಾಫಿ ಮಾಡುತ್ತಿದ್ದಳು. ಅವಳ ಹೆಸರು ನಮಗೆ ಪೂರ್ತಿ ಗೊತ್ತಿಲ್ಲ. ಇಷ್ಟು ವರ್ಷ ನಮ್ಮನ್ನು ಬಿಡದೆ ಇರುವವಳು ಅವಳೊಬ್ಬಳೇ. ಜನ ನಕ್ಕರು. ಮರೈಕೆ ಬಗ್ಗಿ, ಅದೇ ಹಳೆಯ ಕ್ಯಾಸೆಟ್ ಯಂತ್ರದ ವೇಗದ ಗುಂಡಿಯನ್ನು ಕೆಳಮುಖವಾಗಿ ತಿರುಗಿಸಿ ಬಟನ್ ಒತ್ತಿದಳು. ಮೊದಲು ನಲ್ಲಿಯ ನೀರು ತೊಟ್ಟಿಕ್ಕಿತು.

ಆ ದನಿ ಅವಳದಲ್ಲ. ಇಪ್ಪತ್ತಾರರ, ಕರಿ ನಾಲ್ಕರ, ಚೂಪಾದ ಆ ಹುಡುಗಿ ಎಲ್ಲಿ? ಯಂತ್ರದ ವೇಗ ತಗ್ಗಿಸಿ ತಗ್ಗಿಸಿ ಮೂರು ಪಟ್ಟಿ ಕೆಳಗಿಳಿದು, ಬಿಳಿ ನಾಲ್ಕಕ್ಕೆ ಬಂದು ನಿಂತಿದ್ದ ಹೆಂಗಸೊಬ್ಬಳು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಭಾರ ಹಾಕಿ ಹೇಳುತ್ತಿದ್ದಳು. ಕಲ್ಲಿಲ್ಲ ಬೀಸಾಕ. ರುದ್ರಾಣಿಯ ಗಂಟಲು ತನಗೆ ತಾನೇ ಆ ಷಡ್ಜಕ್ಕೆ ಹೋಗಿ ಕೂತಿತು, ತುಟಿ ತೆರೆಯದೆ. ಈಗ ಹಾಡಿದರೆ ತಾನು ಹಾಡುವುದು ಇಲ್ಲಿಯೇ, ಇದೇ ಪಟ್ಟಿಯಲ್ಲಿ. ಅವಳು ಕಾರಿನಲ್ಲಿ ಗುನುಗುವಾಗ ಮೇಲಕ್ಕೆ ಹೋಗಲಾರದೆ ಬಿಟ್ಟುಕೊಟ್ಟ ಜಾಗಗಳನ್ನೆಲ್ಲ ಆ ದನಿಯೂ ಬಿಟ್ಟುಕೊಟ್ಟಿತ್ತು. ತಾನು ಹ್ಯಾಮಿಲ್ಟನ್ನಿನಲ್ಲಿ ಮುದುಕಿಯಾಗುತ್ತಿದ್ದಾಗ ಇವಳು ವ್ಯಾನಿನಲ್ಲಿ ಊರೂರು ತಿರುಗುತ್ತಾ ತನ್ನ ಜೊತೆಜೊತೆಗೇ ಆಗಿದ್ದಾಳೆ. ಹಾಡುವುದೊಂದನ್ನು ಮಾತ್ರ ಬಿಟ್ಟಿಲ್ಲ. ಆಮೇಲೆ, ನಕ್ಷೆಯ ಗೆರೆ ನೆನಪಾಯಿತು. ಇಳಿದ ದನಿ, ತಗ್ಗಿದ ವೇಗ. ಜಾರುವ ಗೆರೆಯ ಈಚೆಗೆ, ಅವನಿಗೆ ಕೇಳುವ ಜಾಗಕ್ಕೇ ಅದು ಬಂದು ನಿಂತಿದೆ. ಅವಳು ತಲೆ ತಿರುಗಿಸದೆ ಕಣ್ಣಷ್ಟನ್ನೇ ಪಕ್ಕಕ್ಕೆ ಹಾಕಿದಳು. ಚಿದಾನಂದ ಕಣ್ಣು ಮುಚ್ಚಿದ್ದ. ತೊಡೆಯ ಮೇಲಿದ್ದ ಫ್ಲಾಸ್ಕಿನ ಮುಚ್ಚಳದ ಮೇಲೆ ಅವನ ಹೆಬ್ಬೆರಳು ಇತ್ತು. ಸೊಲ್ಲಿಲ್ಲ, ಬೆರಳು ಒತ್ತಿತು. ಗಂಡನ ಮನಿಯಾಗ, ಒತ್ತಿತು. ನಡುವೆ ಡ್ರಮ್ಮಷ್ಟೇ ಇದ್ದಾಗ ಬೆರಳು ಸುಮ್ಮನಿತ್ತು. ಅವಳ ಕೆಲಸದ ಕಣ್ಣು ಕಾಯಿತು, ತಪ್ಪು ಒತ್ತುತ್ತಾನೇನೋ ಎಂದು. ಒಂದು ಸಲವೂ ಒತ್ತಲಿಲ್ಲ. ನಿಲ್ಲಾಕಿ ಅಲ್ಲ. ನಾ ಹೋಗಾಕಿ. ಬೆರಳು ಒತ್ತಿ, ಹಾಗೇ ಉಳಿಯಿತು, ಉಗುರು ಬೆಳ್ಳಗಾಗುವವರೆಗೆ.

ಪೂರ್ವಿ ಬಾಗಿ, "ಸೋ ಸ್ಯಾಡ್, ನೋ? ಪಂಜಾಬಿನಾ ಅಮ್ಮಾ?" ಎಂದು ಪಿಸುಗುಟ್ಟಿದಳು. "ಆಮ್ಯಾಲ ಹೇಳತೀನಿ" ಎಂದಳು ರುದ್ರಾಣಿ.

ಹಿಂತಿರುಗುವಾಗ ಇನ್ನೂ ಬಿಸಿಲಿತ್ತು. ಚಿದಾನಂದ ಡ್ರೂರಿ ಊರು ದಾಟಿದ. ಪಾರ್ಕಿಂಗಿನ ಬಗ್ಗೆಯೂ ಏನೂ ಅನ್ನಲಿಲ್ಲ. ಅವಳು ಕಾದಳು. ಏನು ಕೇಳಿದರೆ ಏನು ಹೇಳಬೇಕು ಎಂದು ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಯೋಚಿಸಿಟ್ಟುಕೊಂಡಿರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟಳು. ಬಾಂಬೆ ಎಂಬ ಗುಡ್ಡದ ಏರಿನಲ್ಲಿ ಅವನು ಗಂಟಲು ಸರಿಮಾಡಿಕೊಂಡ.

"ಅವ್ವ ಬೀಸೂ ಮುಂದ ನಾವು ಹಾಸಿಗ್ಯಾಗ ಇರತಿದ್ದಿವಿ. ಎಲ್ಲಾ ಕೇಳತಿತ್ತು."

ಅವನ ತಾಯಿ ಶಾಂತವ್ವ ಸತ್ತು ಹನ್ನೆರಡು ವರ್ಷವಾಗಿತ್ತು. ಅವಳು ಬೀಸುತ್ತಿದ್ದಳು, ಹಾಡುತ್ತಿದ್ದಳು ಎಂದು ಅವನು ಯಾವತ್ತೂ ಹೇಳಿದವನಲ್ಲ.

"ಏನ ಅಂತಿದ್ರು?" ಎಂದಳು.

"ಏನ ಅಂತಾರ. ಅಪ್ಪನ್ನ ಬೈತಿದ್ಲು. ಅಪ್ಪ ಕೇಳಿ ಕೇಳದಂಗ ಮಗ್ಗಲಾ ಹೊಳ್ಳತಿದ್ದ." ಅವನು ಲೇನ್ ಬದಲಿಸಿದ. "ಬೆಳಗಾದ ಮ್ಯಾಲ ಯಾರೂ ಅದನ್ನ ಕೇಳತಿದ್ದಿಲ್ಲ. ಕೇಳಬಾರದು."

"ನಮ್ಮ ಅಜ್ಜಿ ಮನ್ಯಾಗೂ ಹಂಗ."

"ಹೂಂ."

ಒಂದು ಲಾರಿ ದಾಟಿಹೋಯಿತು. ಅವನು ರಸ್ತೆಯನ್ನೇ ನೋಡುತ್ತಿದ್ದ.

"ಆ ಹಾಡಿನ್ಯಾಗಿನಾಕಿ," ಎಂದ, "ಹೋದ್ಲೋ, ಅಲ್ಲೇ ಉಳದ್ಲೋ?"

ಅವಳು ಅವನ ಕೈ ನೋಡಿದಳು. ಸ್ಟಿಯರಿಂಗಿನ ಮೇಲೆ ಎರಡೂ ಕೈ, ಹೆಬ್ಬೆರಳು ಸಡಿಲವಾಗಿ. ಕಟ್ಟು ಮುರಿಯದೆ ಕೇಳಬಹುದಾದಷ್ಟನ್ನು ಅವನು ಕೇಳಿದ್ದ. ಉತ್ತರ ಕೊಡುವ ಮೊದಲೇ ಕಾರಿನ ಸ್ಪೀಕರಿನಲ್ಲಿ ಫೋನು ಹೊಡೆದುಕೊಂಡಿತು, ಪೂರ್ವಿ.

"ಸೋ? ಅಪ್ಪಾ, ಡಿಡ್ ಅಮ್ಮ ಲೈಕ್ ಇಟ್?"

"ಆಕಿಗೆ..." ಎಂದು ಶುರುಮಾಡಿ ಚಿದಾನಂದ ಬಾಯಿ ಮುಚ್ಚಿದ. ಮತ್ತೆ ತೆರೆದ. "ಆಕಿನ್ನ ಕೇಳವಾ. ಇಲ್ಲೇ ಅದಾಳ."

ಅವಳು ಸ್ಪೀಕರಿನ ಕಡೆ ಬಾಗಿದಳು. "ಚೊಲೋ ಇತ್ತವಾ," ಎಂದಳು ರುದ್ರಾಣಿ. ತನ್ನ ದನಿ ಯಾವ ಪಟ್ಟಿಯಲ್ಲಿದೆ ಎಂದು ಅವಳಿಗೆ ಕೇಳಿಸಿತು. "ಅದು ಪಂಜಾಬಿ ಅಲ್ಲ."

"ದೆನ್ ವಾಟ್?"

"ನೀ ಬಾ ಒಮ್ಮೆ. ಹಾಡಿ ತೋರಸತೀನಿ."

"ಯೂ ಸಿಂಗ್?" ಎಂದು ಪೂರ್ವಿ ನಕ್ಕಳು. ಚಿದಾನಂದ ನಗಲಿಲ್ಲ. ಆಕಿ ಹಾಡಂಗಿಲ್ಲ ಎಂದೂ ಅನ್ನಲಿಲ್ಲ.

ಗುಡ್ಡ ಇಳಿದ ಮೇಲೆ ಪೊಕೆನೊ ಹತ್ತಿರ ರಸ್ತೆ ಎರಡಾಗುತ್ತದೆ. ಹಸಿರು ಹಲಗೆಯ ಮೇಲೆ ಎಡಕ್ಕೆ ಟೌರಂಗಾ, ನೇರಕ್ಕೆ ಹ್ಯಾಮಿಲ್ಟನ್. ಇಪ್ಪತ್ತು ವರ್ಷದಿಂದ ಆ ಹಲಗೆಯ ಕೆಳಗೆ ಹಾದುಹೋಗಿದ್ದಾಳೆ. ಹ್ಯಾಮಿಲ್ಟನ್ನಿನಿಂದ ಅಲ್ಲಿಗೆ ದಾರಿ ಇದಲ್ಲ, ಬೆಟ್ಟದ ಮೇಲಿನದು. ಮಂಜಿದ್ದರೆ ಮೆಲ್ಲಗೆ ಹೋದರಾಯಿತು. ನಾಲ್ಕು ದಿನಕ್ಕೆ ನಾಲ್ಕು ಜೊತೆ ಬಟ್ಟೆ, ಒಂದು ಕುಕ್ಕರ್, ಎರಡು ತಟ್ಟೆ. ಹಾರ್ಮೋನಿಯಂ ಗ್ಯಾರೇಜಿನಲ್ಲಿ ಮೇಲಿನ ಹಲಗೆಯ ಮೇಲಿದೆ. ತಿದಿ ಹರಿದಿರಬಹುದು, ತೆಗೆದು ನೋಡಬೇಕು. ನಾಳೆ ಲಿನ್ ಬರುವುದು ಒಂಬತ್ತಕ್ಕೆ. ಎಂಟೂವರೆಗೇ ಹೋಗಿ ಅವಳ ಬಾಗಿಲ ಬಳಿ ನಿಂತಿರಬೇಕು. ಬಾಯಿ ತೆರೆಯುವುದಕ್ಕೆ ತನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಇದಕ್ಕೆ ಹೋಗುವುದು ಎನ್ನಬೇಕೋ, ಬರೀ ಕೆಲಸ ಎನ್ನಬೇಕೋ, ಅವಳು ಹೆಸರಿಡಲು ಹೋಗಲಿಲ್ಲ. ಪಕ್ಕದಲ್ಲಿದ್ದವನು ಈಗಷ್ಟೇ ಒಂದು ಉತ್ತರವನ್ನು ಅವಳಿಗೆ ಬಿಟ್ಟುಕೊಟ್ಟಿದ್ದ. ಅದಕ್ಕಾಗಿ ಉಳಿಯಬೇಕು ಎಂದು ಅನ್ನಿಸುತ್ತದೇನೋ ಎಂದು ಹುಡುಕಿದಳು. ಅನ್ನಿಸಲಿಲ್ಲ. ಅವನ ಮೇಲೆ ಸಿಟ್ಟೂ ಸಿಗಲಿಲ್ಲ.

"ಚಹಾ ಉಳದೈತೇನು?" ಎಂದ ಚಿದಾನಂದ.

ಅವಳು ಫ್ಲಾಸ್ಕನ್ನು ಅಲುಗಿಸಿ ನೋಡಿದಳು. ಒಬ್ಬರಿಗೆ ಆಗುವಷ್ಟಿತ್ತು. ಮುಚ್ಚಳಕ್ಕೆ ಅರ್ಧ ಸುರಿದು ಅವನ ಕೈಗೆ ಕೊಟ್ಟು, ಉಳಿದದ್ದನ್ನು ಫ್ಲಾಸ್ಕಿನಿಂದಲೇ ತಾನು ಕುಡಿದಳು.